ಬ್ಯಾಚ್ ಜಾಬ್ ಮೆಸೇಜ್ ಸುರಿದರೆ ಆನ್‌ಲೈನ್ ಏಕೆ ನಿಲ್ಲಬೇಕು?

ಪ್ರಶ್ನೆ: ವಿದೇಶಿ ಬ್ಯಾಂಕೊಂದರ ಮೇನ್‌ಫ್ರೇಮ್ ನೋಡಿಕೊಳ್ಳುವ ಬೆಂಗಳೂರಿನ ತಂಡದಲ್ಲಿದ್ದೇನೆ. ರಾತ್ರಿ ಓಡುವ ಕೋಬಾಲ್ ಜಾಬ್ ಒಂದು ಐಬಿಎಂ ಎಂಕ್ಯೂಗೆ (ಪ್ರೋಗ್ರಾಮ್‌ಗಳ ನಡುವೆ ಮೆಸೇಜ್ ಸಾಗಿಸುವ ಸಾಫ್ಟ್‌ವೇರ್) ಮೆಸೇಜ್ ಹಾಕುತ್ತದೆ. ಕೆಲವು ದಿನ 20 ಸಾವಿರ, ತಿಂಗಳ ಕೊನೆಗೆ 10 ಲಕ್ಷ ದಾಟಿದರೂ ದಾಟಿತು. ಈಚೆಗೆ 2192 ಎರರ್ ಬಂದು, ಈ ಜಾಬಿಗೆ ಸಂಬಂಧವೇ ಇಲ್ಲದ, ಆನ್‌ಲೈನ್ ಕೆಲಸ ನಡೆಸುವ ಸಿಐಸಿಎಸ್ ಟ್ರಾನ್ಸಾಕ್ಷನ್‌ಗಳೂ ನಿಂತವು. ಪೇಜ್‌ಸೆಟ್ (ಮೆಸೇಜ್‌ಗಳನ್ನು ಇಡುವ ಡಿಸ್ಕ್ ಫೈಲ್) ಎಷ್ಟು ದೊಡ್ಡದು ಮಾಡಿದರೆ ಸಾಕು?

ಉತ್ತರ: ಗಾತ್ರದ ಲೆಕ್ಕಕ್ಕೆ ಮೊದಲು, ಜಾಗ ತುಂಬಿದ ರಾತ್ರಿ ಯಾರ ಕೆಲಸ ನಿಲ್ಲಬೇಕು ಎಂದು ತೀರ್ಮಾನಿಸಿ. ನಿಲ್ಲಬೇಕಾದ್ದು ಆ ಬ್ಯಾಚ್ ಜಾಬ್ ಒಂದೇ.

2192 ಬಂದರೆ ಕ್ಯೂ (ಮೆಸೇಜ್‌ಗಳು ಕಾಯುವ ಸಾಲು) ಕೆಳಗಿನ ಪೇಜ್‌ಸೆಟ್ಟೇ ತುಂಬಿದೆ ಎಂದರ್ಥ. ಅದನ್ನು ಹಂಚಿಕೊಂಡ ಎಲ್ಲ ಕ್ಯೂಗಳಿಗೂ ಏಟು ಬೀಳುತ್ತದೆ. ಕ್ಯೂ ತನ್ನ ಮಿತಿ ಮುಟ್ಟಿದರೆ ಬರುವುದು 2053, ಅದರ ಪರಿಣಾಮ ಆ ಕ್ಯೂಗೆ ಮಾತ್ರ. ಹಾಗಾಗಿ ಬ್ಯಾಚ್ ಕ್ಯೂಗೆ ಬೇರೆ ಸ್ಟೋರೇಜ್ ಕ್ಲಾಸ್ (ಕ್ಯೂ ಯಾವ ಪೇಜ್‌ಸೆಟ್‌ಗೆ ಎಂದು ಹೇಳುವ ಹೆಸರು) ಮಾಡಿ, ಅದರದ್ದೇ ಪೇಜ್‌ಸೆಟ್ ಮತ್ತು ಬಫರ್ ಪೂಲ್ (ಅದರ ಮೆಮೊರಿ ಜಾಗ) ಕೊಡಿ. ಸ್ಟೋರೇಜ್ ಕ್ಲಾಸ್ ಬದಲಿಸುವಾಗ ಕ್ಯೂ ಖಾಲಿಯಿರಬೇಕು, ಯಾರೂ ತೆರೆದಿರಬಾರದು.

ಆಮೇಲೆ ಮ್ಯಾಕ್ಸ್‌ಡೆಪ್ತ್, ಅಂದರೆ ಒಂದು ಕ್ಯೂನಲ್ಲಿ ಎಷ್ಟು ಮೆಸೇಜ್ ಇರಬಹುದೆಂಬ ಮಿತಿ. ಬಹಳ ಕಡೆ ಇದನ್ನು 99,99,99,999ಕ್ಕೆ ಬಿಟ್ಟಿರುತ್ತಾರೆ. ಆಗ 80% ತುಂಬಿದರೆ ಎಚ್ಚರಿಸಬೇಕಾದ ಡೆಪ್ತ್ ಈವೆಂಟ್ ಎಂದೂ ಬರುವುದೇ ಇಲ್ಲ, ಅಷ್ಟರೊಳಗೆ ಪೇಜ್‌ಸೆಟ್ ಮುಗಿದಿರುತ್ತದೆ. ಲೆಕ್ಕ ಸುಲಭ: 4 ಜಿಬಿ ಪೇಜ್‌ಸೆಟ್‌ನಲ್ಲಿ 4 ಕೆಬಿಯ 10,48,576 ಪೇಜ್‌ಗಳು. ಮೆಸೇಜ್ 10 ಕೆಬಿ ಇದ್ದರೆ ಹೆಡರ್ ಸೇರಿ ಮೂರು ಪೇಜ್ ಬೇಕು, ಅಂದರೆ ಸುಮಾರು 3.49 ಲಕ್ಷ ಮೆಸೇಜ್ ಹಿಡಿಯುತ್ತವೆ. ಮ್ಯಾಕ್ಸ್‌ಡೆಪ್ತ್ 3 ಲಕ್ಷ ಇಡಿ, 2.4 ಲಕ್ಷಕ್ಕೇ ಎಚ್ಚರಿಕೆ ಬರುತ್ತದೆ. 10 ಲಕ್ಷ ಒಟ್ಟಿಗೇ ಹಿಡಿಯಲೇಬೇಕೆಂದರೆ ಪೇಜ್‌ಸೆಟ್ಟನ್ನು 64 ಜಿಬಿವರೆಗೆ ಬೆಳೆಸಬಹುದು, ಮಿತಿಯನ್ನೂ ಅದಕ್ಕೆ ತಕ್ಕಂತೆ ಏರಿಸಿ.

2053 ಬಂದಾಗ ಜಾಬ್ ಅಬೆಂಡ್ ಆಗಬಾರದು (ಎರರ್‌ನಿಂದ ನಡುವೆಯೇ ನಿಲ್ಲಬಾರದು). ಅಲ್ಲಿವರೆಗೆ ಹಾಕಿದ್ದನ್ನು ಕಮಿಟ್ (ಖಾಯಂ) ಮಾಡಿ, ಅರ್ಧ ನಿಮಿಷ ಕಾದು, ಅದೇ ಮೆಸೇಜನ್ನು ಮತ್ತೆ ಹಾಕುವಂತೆ ಬರೆಯಿರಿ.

ಕಮಿಟ್ ಬಗ್ಗೆ ನೀವು ಬರೆದಿಲ್ಲ, ನನ್ನ ಅನುಮಾನ ಮಾತ್ರ ಅಲ್ಲೇ ಇದೆ. ಒಂದು ಯೂನಿಟ್ ಆಫ್ ವರ್ಕ್‌ನಲ್ಲಿ (ಒಂದು ಕಮಿಟ್‌ನಿಂದ ಮುಂದಿನದರವರೆಗಿನ ಕೆಲಸ) ಎಷ್ಟು ಮೆಸೇಜ್ ಇರಬಹುದೆಂದು ಹೇಳುವ ಮ್ಯಾಕ್ಸ್‌ಯುಎಂಎಸ್‌ಜಿಎಸ್‌ನ ಡೀಫಾಲ್ಟ್ 10,000. ಅದು ಮೀರಿ 2024 ಬಂದಾಗ, ಪ್ರೋಗ್ರಾಮ್ ತಿದ್ದುವ ಬದಲು ಆ ಮಿತಿಯನ್ನೇ ಏರಿಸಿಬಿಡುವುದುಂಟು. ನಿಮ್ಮಲ್ಲೂ ಹಾಗಾಗಿದೆಯೇ ನೋಡಿ. ಕೊನೆಯಲ್ಲಿ ಒಂದೇ ಕಮಿಟ್ ಇದ್ದರೆ ಡೆಪ್ತ್ ಲಕ್ಷ ತೋರಿಸುತ್ತದೆ, ಆದರೂ ಓದುವ ಪ್ರೋಗ್ರಾಮಿಗೆ ಸಿಗುವುದು 2033, ಅಂದರೆ ‘ಮೆಸೇಜ್ ಇಲ್ಲ’. ಕಮಿಟ್ ಆಗದ ಮೆಸೇಜ್ ಡೆಪ್ತ್ ಲೆಕ್ಕಕ್ಕೆ ಸೇರುತ್ತದೆ, ಓದಲು ಮಾತ್ರ ಸಿಗದು. ಜಾಬ್ ಓಡುತ್ತಿರುವಾಗ ಡಿಸ್‌ಪ್ಲೇ ಕ್ಯೂಸ್ಟೇಟಸ್ ಕಮಾಂಡ್ ಕೊಟ್ಟು ನೋಡಿ, ಅನ್‌ಕಾಮ್ (ಕಮಿಟ್ ಆಗದ್ದು ಇದೆಯೇ) ಎದುರಿಗೆ ‘ಯೆಸ್’ ಹಾಗೇ ಉಳಿದಿದ್ದರೆ ರೋಗ ಸಿಕ್ಕಿತು. ಲಾಗ್‌ನಲ್ಲಿ ಸಿಎಸ್‌ಕ್ಯೂಜೆ160ಐ (ಬಹಳ ಹೊತ್ತು ಓಡುತ್ತಿರುವ ಯೂನಿಟ್ ಆಫ್ ವರ್ಕ್ ಇದೆ ಎಂಬ ಸೂಚನೆ) ಬರುತ್ತಿದ್ದರೆ ಸಂಶಯವೇ ಬೇಡ. ಇಂಥ ಜಾಬ್ ಮಧ್ಯೆ ಬಿದ್ದರೆ ಬ್ಯಾಕೌಟ್‌ಗೂ (ಹಾಕಿದ್ದನ್ನು ರದ್ದು ಮಾಡಲೂ) ಬಹಳ ಹೊತ್ತು ಹಿಡಿಯುತ್ತದೆ.

ಕೆಲವು ನೂರು ಮೆಸೇಜಿಗೊಮ್ಮೆ ಕಮಿಟ್ ಮಾಡಿ. ಎಲ್ಲಿವರೆಗೆ ಹಾಕಿದ್ದಾಯಿತು ಎಂಬುದನ್ನು ಡಿಬಿ2 ಡೇಟಾಬೇಸ್‌ನ ಟೇಬಲ್‌ನಲ್ಲಿ ಬರೆದು, ಆರ್‌ಆರ್‌ಎಸ್ (ಮೇನ್‌ಫ್ರೇಮ್‌ನ ಕಮಿಟ್ ಹೊಂದಿಸುವ ಸೇವೆ) ಮೂಲಕ ಎರಡನ್ನೂ ಒಟ್ಟಿಗೇ ಕಮಿಟ್ ಮಾಡಿದರೆ ರೀಸ್ಟಾರ್ಟ್‌ನಲ್ಲಿ ಒಂದೇ ಪಾವತಿ ಎರಡು ಸಲ ಹೋಗುವ ಭಯವಿಲ್ಲ. ಬ್ಯಾಂಕಿನ ಕೆಲಸದಲ್ಲಿ ಇದನ್ನು ಬಿಡಲೇಬೇಡಿ.

ಶೇರ್ಡ್ ಕ್ಯೂಗೆ (ಹಲವು ಕ್ಯೂ ಮ್ಯಾನೇಜರ್‌ಗಳು ಹಂಚಿಕೊಳ್ಳುವ ಕ್ಯೂ) ಹೋದರೂ ಅದನ್ನು ಇಡುವ ಕಪ್ಲಿಂಗ್ ಫೆಸಿಲಿಟಿಯ ಸ್ಟ್ರಕ್ಚರ್ (ಹಂಚಿಕೊಂಡ ಮೆಮೊರಿಯ ಒಂದು ಭಾಗ) ತುಂಬಿದರೆ ಇದೇ 2192. ಅಲ್ಲೂ ಬ್ಯಾಚ್‌ಗೆ ಪ್ರತ್ಯೇಕ ಸ್ಟ್ರಕ್ಚರ್ ಬೇಕು.

ಓದುವ ಕಡೆ ಟ್ರಿಗರ್ (ಮೆಸೇಜ್ ಬಂದಾಗ ಪ್ರೋಗ್ರಾಮ್ ಎಬ್ಬಿಸುವ ವ್ಯವಸ್ಥೆ) ‘ಎವ್ರಿ’ ಇದ್ದರೆ ತೆಗೆಯಿರಿ. ಪ್ರತಿ ಮೆಸೇಜಿಗೂ ಒಂದು ಟಾಸ್ಕ್ ಎದ್ದು ಸಿಐಸಿಎಸ್ ಮ್ಯಾಕ್ಸ್‌ಟಾಸ್ಕ್‌ಗೆ (ಒಟ್ಟಿಗೆ ಓಡಬಹುದಾದ ಟಾಸ್ಕ್‌ಗಳ ಮಿತಿ) ಮುಟ್ಟುತ್ತದೆ. ‘ಫಸ್ಟ್’ ಇಟ್ಟು, 2033 ಬರುವವರೆಗೂ ಲೂಪ್‌ನಲ್ಲಿ ಓದುವ ಟ್ರಾನ್ಸಾಕ್ಷನ್ ಬರೆಯಿರಿ. ಒಂದು ಸಾಲದಿದ್ದರೆ ಅದೇ ತನ್ನಂಥ ಇನ್ನೆರಡು ಮೂರನ್ನು ಎಬ್ಬಿಸಲಿ. ಮೆಸೇಜ್‌ಗಳ ಕ್ರಮ ಮುಖ್ಯವಾದರೆ ಮಾತ್ರ ಒಂದಕ್ಕೇ ನಿಲ್ಲಿಸಿ.