ಬಿಎಂಐ ಸರಿ ಇದ್ದರೆ ತೂಕ ಸರಿ ಇದೆ ಅಂತಾನಾ?

ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಲೆಕ್ಕ) 23ರ ಒಳಗಿದೆ, ಆದರೆ ಹೊಟ್ಟೆ ಮಾತ್ರ ಮುಂದೆ ಬರ್ತಿದೆ, ಯಾವುದನ್ನು ನಂಬಲಿ ಅಂತ ಕೇಳಿದ್ದೀರಿ. ಹೊಟ್ಟೆಯನ್ನೇ ನಂಬಿ.

ನಾನು ಪೆಟ್ಟು ತಿಂದು ಕಲಿತವನು. ನನ್ನ ಎತ್ತರ 170 ಸೆಂಟಿಮೀಟರ್, ಆಗ ತೂಕ 66 ಕೆಜಿ. ತೂಕವನ್ನು ಎತ್ತರದಿಂದ (ಮೀಟರ್ ಲೆಕ್ಕದಲ್ಲಿ) ಎರಡು ಸಲ ಭಾಗಿಸಿದರೆ 22.8. ಪಟ್ಟಿಯಲ್ಲಿ 18.5ರಿಂದ 24.9ರವರೆಗೆ ಸರಿ ಅಂತಿದೆ, ನಾನು ಅದರೊಳಗೆ ಆರಾಮಾಗಿ ಕೂತಿದ್ದೆ. ಸಣ್ಣ ಕೈಕಾಲು ನೋಡಿ ಮನೆಯವರು ಇನ್ನಷ್ಟು ತಿನ್ನು ಅಂತಲೇ ಬಡಿಸುತ್ತಿದ್ದರು. ಬೇರೆ ಯಾವುದಕ್ಕೋ ಸ್ಕ್ಯಾನಿಂಗ್ ಮಾಡಿಸಿದಾಗ ಲಿವರ್‌ನಲ್ಲಿ ಕೊಬ್ಬು ಸೇರಿದೆ ಅಂತ ಬಂತು. ಶುಗರ್ ಕೂಡ ಗಡಿಯಲ್ಲಿತ್ತು. ಸೊಂಟಕ್ಕೆ ಟೇಪು ಸುತ್ತಿದರೆ 94 ಸೆಂಟಿಮೀಟರ್!

ಬಿಎಂಐಗೆ ಗೊತ್ತಿರುವುದು ಎರಡೇ: ತೂಕ, ಎತ್ತರ. ಆ ತೂಕದಲ್ಲಿ ಮಾಂಸಖಂಡ ಎಷ್ಟು, ಕೊಬ್ಬು ಎಷ್ಟು, ಕೊಬ್ಬು ತೊಡೆಯಲ್ಲಿದೆಯೋ ಹೊಟ್ಟೆಯೊಳಗೆ ಕರುಳು, ಲಿವರ್ ಸುತ್ತ ಕೂತಿದೆಯೋ, ಅದಕ್ಕೆ ಕಾಣುವುದಿಲ್ಲ. ಜಾಸ್ತಿ ತೊಂದರೆ ಕೊಡುವುದು ಹೊಟ್ಟೆಯೊಳಗಿನದು. ನನ್ನಷ್ಟೇ ಎತ್ತರದ ಗೆಳೆಯನೊಬ್ಬ ವರ್ಷಗಳಿಂದ ಭಾರ ಎತ್ತುತ್ತಾನೆ. ತೂಕ 80, ಬಿಎಂಐ 27.7. ಪಟ್ಟಿಯ ಪ್ರಕಾರ ಅವನು ದಪ್ಪ, ನಾನು ಫಿಟ್. ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿದರೆ ಮಕ್ಕಳೂ ನಗುತ್ತಾರೆ.

2004ರಲ್ಲಿ ಭಾರತದ ಯಾಜ್ಞಿಕ್ ಮತ್ತು ಬ್ರಿಟನ್ನಿನ ಯುಡ್ಕಿನ್ ಎಂಬ ಇಬ್ಬರು ವೈದ್ಯರು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮದೇ ಫೋಟೊ ಹಾಕಿದ್ದರು. ಇಬ್ಬರ ಬಿಎಂಐ ಕೂಡ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ಏಷ್ಯಾದವರಿಗೆ 25 ಅಲ್ಲ, 23ರಿಂದಲೇ ಎಚ್ಚರ ಇರಲಿ ಅಂತ ಹೇಳುವುದು ಇಂಥ ಕಾರಣಕ್ಕೇ.

ಇಷ್ಟಕ್ಕೂ ಬಿಎಂಐ ಡಾಕ್ಟರು ಕಂಡುಹಿಡಿದ ಲೆಕ್ಕ ಅಲ್ಲ. 1830ರ ದಶಕದಲ್ಲಿ ಬೆಲ್ಜಿಯಂನ ಕೆಟ್ಲೆ ಎಂಬ ಗಣಿತದವನು 'ಸರಾಸರಿ ಮನುಷ್ಯ' ಹೇಗಿರುತ್ತಾನೆ ಅಂತ ಹುಡುಕುತ್ತಾ ಹಾಕಿದ್ದು. ಬಾಡಿ ಮಾಸ್ ಇಂಡೆಕ್ಸ್ ಅನ್ನೋ ಹೆಸರು ಬಂದಿದ್ದೇ 1972ರಲ್ಲಿ. ಸಾವಿರಾರು ಜನರನ್ನು ಒಟ್ಟಿಗೆ ನೋಡುವಾಗ ಈಗಲೂ ಚೆನ್ನಾಗಿಯೇ ಕೆಲಸಕ್ಕೆ ಬರುತ್ತದೆ. ಒಬ್ಬರ ವಿಷಯದಲ್ಲೂ 17 ಅಥವಾ 38 ಅಂತ ಬಂದರೆ ಸುಮ್ನೆ ವಾದ ಮಾಡಬೇಡಿ, ಡಾಕ್ಟರ್ ಹತ್ತಿರ ಹೋಗಿ. ಎಡವಟ್ಟಾಗುವುದು ನಡುವಿನವರ ವಿಷಯದಲ್ಲಿ, ಅಂದರೆ ನಮ್ಮಂಥವರಲ್ಲಿ. ವಯಸ್ಸಾದವರಲ್ಲೂ ಅಷ್ಟೇ: ಮಾಂಸಖಂಡ ಕರಗಿ ಆ ಜಾಗಕ್ಕೆ ಕೊಬ್ಬು ಬಂದರೂ ಬಿಎಂಐ ಅಲ್ಲಾಡುವುದಿಲ್ಲ.

ಒಂದು ಟೇಪು ತಗೊಳ್ಳಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲ್ತುದಿ, ಇವೆರಡರ ನಡುವೆ ಸುತ್ತಿ, ಉಸಿರು ಬಿಟ್ಟ ಮೇಲೆ ಅಳೆಯಿರಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ (ನಾನು ಮೊದಲ ಸಲ ಎಳೆದುಕೊಂಡಿದ್ದೆ). ನಿಮ್ಮ ಎತ್ತರದ ಅರ್ಧಕ್ಕಿಂತ ಜಾಸ್ತಿ ಬಂದರೆ ಬಿಎಂಐ ಎಷ್ಟೇ ಇರಲಿ, ಶುಗರ್, ಬಿಪಿ, ಕೊಲೆಸ್ಟ್ರಾಲ್ ಒಮ್ಮೆ ನೋಡಿಸಿ. ಮಕ್ಕಳಿಗೆ ಈ ಬಿಎಂಐ ಪಟ್ಟಿ ಹೊಂದುವುದಿಲ್ಲ, ಗರ್ಭಿಣಿಯರಿಗೆ ಈ ಲೆಕ್ಕ ಯಾವುದೂ ಹೊಂದುವುದಿಲ್ಲ.

ನನ್ನ ಸೊಂಟ ಈಗ 88 ಸೆಂಟಿಮೀಟರ್‌ಗೆ ಇಳಿದಿದೆ. 85 ಮುಟ್ಟಬೇಕು.