ಶಿವಮೊಗ್ಗದ ಸುತ್ತಮುತ್ತ ಹಳೆಯ ಕಾರ್ಖಾನೆ, ರೈಲು, ರಸ್ತೆಗಳ ಕುರುಹು ನೋಡಬೇಕು. ಎಲ್ಲಿಂದ ಶುರು ಮಾಡಲಿ?

ಕೆಲಸದ ಮೇಲೆ ಶಿವಮೊಗ್ಗಕ್ಕೆ ಬಂದು ಆರು ತಿಂಗಳಾಯಿತು, ಜೋಗ, ಸಕ್ರೆಬೈಲು, ಕೊಡಚಾದ್ರಿ ಎಲ್ಲ ನೋಡಿ ಆಯಿತು, ಕಾರಿಲ್ಲ, ಭಾನುವಾರ ಹತ್ತು ವರ್ಷದ ಮಗನ ಜೊತೆ ಬಸ್ಸಲ್ಲೋ ರೈಲಲ್ಲೋ ಹೋಗಿಬರುವಂಥದ್ದು ಹೇಳಿ ಅಂತ ಕೇಳಿದ್ದೀರಿ. ಭದ್ರಾವತಿಯಿಂದ ಶುರು ಮಾಡಿ. ನಾನು ಅಲ್ಲಿನ ನ್ಯೂಟೌನ್‌ನಲ್ಲಿ ಬೆಳೆದವನು, ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. ಜಿಲ್ಲೆಯ ಅರ್ಧ ಕುರುಹುಗಳ ಗಂಟು ಬಿಚ್ಚಿಕೊಳ್ಳುವುದು ಅಲ್ಲಿಯೇ.

ಹೋಗುವಾಗ ರೈಲಲ್ಲೇ ಹೋಗಿ. ಬೀರೂರಿನಿಂದ ಶಿವಮೊಗ್ಗಕ್ಕೆ ಈ ದಾರಿ ಬಂದದ್ದು 1899ರಲ್ಲಿ. ಅಂದರೆ ರೈಲು ಮೊದಲು, ಕಾರ್ಖಾನೆ ಆಮೇಲೆ. ಊರಿಗೆ ಆಗ ಬೆಂಕಿಪುರ ಅಂತ ಹೆಸರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರ ಒತ್ತಾಸೆಯಿಂದ, 1918ರಲ್ಲಿ ಶುರುವಾದ ಕಾರ್ಖಾನೆಯ ಮೂಲ ಹೆಸರು ‘ಮೈಸೂರು ವುಡ್ ಡಿಸ್ಟಿಲೇಶನ್ ಅಂಡ್ ಐರನ್ ವರ್ಕ್ಸ್’. ಕಬ್ಬಿಣದ ಕಾರ್ಖಾನೆ ಹೆಸರಲ್ಲಿ ಮರಕ್ಕೇನು ಕೆಲಸ? ಮಗನಿಗೆ ಇದೇ ಪ್ರಶ್ನೆ ಹಾಕಿ, ಸ್ವಲ್ಪ ಹೊತ್ತು ಯೋಚಿಸಲಿ. ಇಲ್ಲಿ ಹತ್ತಿರದಲ್ಲೆಲ್ಲೂ ಕಲ್ಲಿದ್ದಲು ಇರಲಿಲ್ಲ, ಕಾಡಿತ್ತು. ಸೌದೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ, ಹೊಗೆಯನ್ನು ಗಾಳಿಗೆ ಬಿಡದೆ ತಣಿಸಿ, ಅದರಿಂದ ಮರದ ಆಲ್ಕೋಹಾಲು, ಟಾರು ಎಲ್ಲ ತೆಗೆಯುತ್ತಿದ್ದರು. ಉಳಿದ ಇದ್ದಿಲು ಊದುಕುಲುಮೆಗೆ, ಅಂದರೆ ಗಾಳಿ ಊದಿ ಅದಿರು ಕರಗಿಸುವ ದೊಡ್ಡ ಒಲೆಗೆ, ಹೋಗುತ್ತಿತ್ತು. 1923ರಲ್ಲಿ ಬೀಡು ಕಬ್ಬಿಣ, ಅಂದರೆ ಅದಿರಿನಿಂದ ಮೊದಲು ಇಳಿಯುವ ಒರಟು ಕಬ್ಬಿಣ, ಹರಿಯಿತು.

ಅದಿರು ಬರುತ್ತಿದ್ದದ್ದು ಕೆಮ್ಮಣ್ಣುಗುಂಡಿಯಿಂದ. ರೋಪ್‌ವೇ ತೊಟ್ಟಿಗಳಲ್ಲಿ ಬೆಟ್ಟ ಇಳಿದು ತಣಿಗೆಬೈಲಿಗೆ, ಅಲ್ಲಿಂದ ಟ್ರಾಮ್ ಹಳಿಯ ಮೇಲೆ ಭದ್ರಾವತಿಗೆ. ಈಗ ಕೆಮ್ಮಣ್ಣುಗುಂಡಿಗೆ ಹೋದವರು ತೋಟ ನೋಡಿ, ಮಂಜಲ್ಲಿ ಫೋಟೋ ತೆಗೆಸಿಕೊಂಡು ವಾಪಸ್ ಬರುತ್ತಾರೆ. ಬೆಟ್ಟದ ಮೈ ಅಗೆದ ಆ ಕೆಂಪು ಜಾಗಕ್ಕೂ ಭದ್ರಾವತಿಯ ಚಿಮಣಿಗೂ ನಂಟಿದೆ ಅಂತ ಗೊತ್ತಿದ್ದರೆ ನೋಟವೇ ಬೇರೆ. ನಾನು ಹೇಳುವುದು ಇಷ್ಟೇ: ಎಲ್ಲಿ ಏನು ಹಳೆಯದು ಕಂಡರೂ ಅದರ ಇನ್ನೊಂದು ತುದಿ ಎಲ್ಲಿ ಅಂತ ಹುಡುಕಿ. ಮಲೆನಾಡಿನ ಕುರುಹುಗಳು ಒಂಟಿಯಾಗಿ ಅರ್ಥವಾಗುವುದಿಲ್ಲ. ಇಲ್ಲಿ ಎಲ್ಲವೂ ಸಾಗಾಟದ ಕಥೆಯೇ: ಮರ, ಅದಿರು, ಅಡಿಕೆ, ಕೊನೆಗೆ ಕರೆಂಟು. ನೀವು ನೋಡಿ ಬಂದ ಸಕ್ರೆಬೈಲಿನ ಆನೆಗಳೂ ಒಂದು ಕಾಲಕ್ಕೆ ಕಾಡಿನಿಂದ ದಿಮ್ಮಿ ಎಳೆದವೇ.

ಕಾರ್ಖಾನೆ ಒಳಗೆ ಸುಮ್ಮನೆ ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ನ್ಯೂಟೌನ್ ರಸ್ತೆಗಳಲ್ಲಿ ನಡೆದಾಡಿ. ನಮ್ಮ ಕ್ವಾರ್ಟರ್ಸ್ ಅಂಗಳದಲ್ಲಿ ದಾಸವಾಳದ ಪಾತಿಗೆ ಅಂಚು ಕಟ್ಟಿದ್ದು ಕಿಟ್ಟದ ತುಂಡುಗಳಿಂದ. ಕುಲುಮೆಯಲ್ಲಿ ಕಬ್ಬಿಣ ಬೇರೆಯಾದ ಮೇಲೆ ಉಳಿಯುವ ಕಸ ಅದು. ಹೊರಗೆ ಬೂದು ಬಣ್ಣ, ಒಡೆದರೆ ಒಳಗೆ ಗಾಜಿನ ಹಾಗೆ ಹಸಿರು ಹೊಳಪು, ಮಧ್ಯೆ ಮಧ್ಯೆ ಸಾಸಿವೆ ಕಾಳಿನಷ್ಟು ಗುಳ್ಳೆ. ಕುದಿಯುವಾಗ ಸಿಕ್ಕಿಹಾಕಿಕೊಂಡ ಗಾಳಿ ಅಂತ ಅಪ್ಪ ತೋರಿಸಿದ್ದರು. ಆ ಮನೆ ಬಿಡುವಾಗ ಒಂದು ತುಂಡು ಎತ್ತಿಟ್ಟುಕೊಂಡೆ, ಈಗಲೂ ನನ್ನ ಮೇಜಿನ ಮೇಲಿದೆ. ಸಮಯ ಉಳಿದರೆ ಪೇಪರ್ ಟೌನ್ ಕಡೆಗೂ ಹೋಗಿ. ಅಲ್ಲಿನ ಕಾಗದ ಕಾರ್ಖಾನೆ 1936ರದು, ಕಾಗದ ತಯಾರಿ ನಿಂತು ವರ್ಷಗಳಾದವು.

ಎರಡನೇ ಭಾನುವಾರ ತಾಳಗುಪ್ಪದ ರೈಲು ಹತ್ತಿ, ಕಿಟಕಿ ಪಕ್ಕ ಕೂತುಕೊಳ್ಳಿ. ಈ ಹಳಿ ತಾಳಗುಪ್ಪ ಮುಟ್ಟಿದ್ದು 1940ರಲ್ಲಿ. ಮೊದಲು ಮೀಟರ್ ಗೇಜ್, ಅಂದರೆ ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರ. ಕೊನೆಕೊನೆಗೆ ಅದರ ಮೇಲೆ ರೈಲುಬಸ್ಸು ಓಡುತ್ತಿತ್ತು, ಬಸ್ಸಿನಂಥದೇ ಮೈ, ಹಳಿ ಮೇಲೆ ಓಡುವುದು. ಈಗಿನ ಅಗಲ ಹಳಿಯ ಬ್ರಾಡ್‌ಗೇಜ್ ಕೆಲಸ ಪೂರ್ತಿಯಾಗಿದ್ದು 2011ರಲ್ಲಿ. ಅರಸಾಳಿನ ಹಳೆಯ ನಿಲ್ದಾಣದ ಕಟ್ಟಡ ಈಗ ಮ್ಯೂಸಿಯಂ, ಮಗನಿಗೆ ಖುಷಿಯಾಗುತ್ತದೆ. ನನಗೆ ಅದಕ್ಕಿಂತ ಇಷ್ಟ, ಬೇಲಿಗೋ ಬೋರ್ಡಿಗೋ ಕಂಬವಾಗಿ ನಿಂತ ಹಳೆಯ ಹಳಿ ತುಂಡುಗಳು. ಹಳಿಯ ಮಗ್ಗುಲಲ್ಲಿ ತಯಾರಿಸಿದ ಕಂಪನಿ, ವರ್ಷ, ತೂಕದ ಗುರುತು ಉಬ್ಬಕ್ಷರದಲ್ಲಿ ಇರುತ್ತದೆ. ತುಕ್ಕು ಹಿಡಿದಿದ್ದರೆ ಮೇಲೆ ಕಾಗದ ಇಟ್ಟು ಪೆನ್ಸಿಲ್ಲಿನಿಂದ ಉಜ್ಜಿ, ಅಕ್ಷರ ಮೂಡುತ್ತದೆ. ಇದು ಕಂಬಗಳಿಗೆ ಮಾತ್ರ. ರೈಲು ಓಡುವ ಹಳಿ ಹತ್ತಿರ ಮಗುವನ್ನು ಬಿಡಲೇಬೇಡಿ.

ಸಾಗರದಲ್ಲಿ ಇಳಿದರೆ ತಲೆಯೆತ್ತಿ ಹಂಚು ನೋಡಿ. ಪೇಟೆಯಲ್ಲಿ ಒಂದು ಹಳೆಯ ಮನೆ ಕೆಡವುತ್ತಿದ್ದಾಗ ರಾಶಿ ಹಾಕಿದ್ದ ಹಂಚೊಂದನ್ನು ಕೇಳಿ ಇಸಕೊಂಡು ತಿರುಗಿಸಿದೆ. ಒಳಮೈಯಲ್ಲಿ ಹೊಗೆಯ ಕಪ್ಪು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬಾಸೆಲ್ ಮಿಷನ್ ಹೆಸರು, 1865 ಅನ್ನುವ ಅಂಕಿ. ಹಂಚು ಅಷ್ಟು ಹಳೆಯದು ಅಂತ ಹಿಗ್ಗಬಾರದು, ಅದು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾದ ವರ್ಷ. ಆದರೂ ನೇತ್ರಾವತಿ ದಂಡೆಯ ಜೇಡಿ ಘಟ್ಟ ಹತ್ತಿ ಬಂದು ಇಲ್ಲಿಯ ಮಳೆಗೆ ಬೆನ್ನೊಡ್ಡಿತ್ತಲ್ಲ, ಅದನ್ನು ಕೈಯಲ್ಲಿ ಹಿಡಿದಾಗ ಆದ ಸಂತೋಷ ಹೇಳತೀರದು.

ಜೋಗ ನೋಡಿದ್ದೀರಿ ಅಂದಿರಿ, ಆದರೆ ಜಲಪಾತಕ್ಕೆ ಬೆನ್ನು ಹಾಕಿ ನೋಡಬೇಕಾದದ್ದು ಬೇರೆ ಇದೆ. ಅಲ್ಲಿನ ಮಹಾತ್ಮ ಗಾಂಧಿ ವಿದ್ಯುದಾಗಾರ 1948ರದು, ಮೊದಲ ಹೆಸರು ಕೃಷ್ಣರಾಜೇಂದ್ರ. ಜೋಗದ ಕರೆಂಟು ಬಂದ ಮೇಲೆಯೇ 1950ರ ದಶಕದಲ್ಲಿ ಭದ್ರಾವತಿಯಲ್ಲಿ ವಿದ್ಯುತ್ ಕುಲುಮೆಗಳು ಉರಿದದ್ದು. ಇಲ್ಲೂ ಎರಡು ತುದಿ. ಈ ವಿದ್ಯುದಾಗಾರಕ್ಕೆ ನೀರು ಕೊಡಲು ಕಟ್ಟಿದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ನೀರು ತೀರಾ ಇಳಿದ ಬೇಸಿಗೆಯಲ್ಲಿ ಮತ್ತೆ ಮೇಲೇಳುತ್ತದೆ. ಅದೇ ಹಿನ್ನೀರು ತುಮರಿ ಕಡೆಯವರ ದಾರಿ ಕಡಿದದ್ದು. ಅಂಬಾರಗೋಡ್ಲು ಕಡವಿನಲ್ಲಿ ಬಸ್ಸೂ ಜನರೂ ಒಟ್ಟಿಗೇ ಲಾಂಚ್ ಹತ್ತಿ ದಾಟಬೇಕಿತ್ತು. 2025ರ ಜುಲೈನಲ್ಲಿ ಸೇತುವೆ ಆಯಿತು. ಆಚೆ ದಡದ ಸಿಗಂದೂರಿಗೆ ಹೋದಾಗ ಸೇತುವೆ ಮೇಲಿಂದ ಲಾಂಚಿನ ಕಡವು ಎಲ್ಲಿತ್ತು ಅಂತ ಮಗನಿಗೆ ತೋರಿಸಿ.

ಒಂದು ಮಾತ್ರ ನೆನಪಿರಲಿ: ಕಂಡದ್ದನ್ನು ಅವತ್ತೇ ಫೋಟೋ ತೆಗೆಯಿರಿ. ಸಾಗರ ರಸ್ತೆಯ ಪಕ್ಕ ಕನ್ನಡ ಅಂಕಿ ಕೆತ್ತಿದ್ದ ಒಂದು ಮೈಲಿಗಲ್ಲು ಇತ್ತು. ಕಿಲೋಮೀಟರ್ ಲೆಕ್ಕ ಬರುವ ಮುಂಚಿನದು. ‘ಮುಂದಿನ ಸಲ’ ಅಂದುಕೊಂಡೇ ಎಷ್ಟೋ ಸಲ ಬಸ್ಸಿನಲ್ಲಿ ಅದನ್ನು ದಾಟಿದೆ. ರಸ್ತೆ ಅಗಲ ಮಾಡಿದ ಮೇಲೆ ಹೋಗಿ ನೋಡಿದರೆ ಕಲ್ಲಿಲ್ಲ, ಜಲ್ಲಿ ರಾಶಿ ಇತ್ತು. ಕೆಲಸದವರನ್ನು ಕೇಳಿದರೆ ಯಾವ ಕಲ್ಲು ಅಂದರು. ಇವತ್ತಿಗೂ ಆ ಸಂಕಟ ಹೋಗಿಲ್ಲ.

ಮೊದಲ ಭಾನುವಾರ ನ್ಯೂಟೌನ್‌ನಲ್ಲಿ ಎಲ್ಲಾದರೂ ಚಹಾ ಕುಡಿಯುತ್ತೀರಲ್ಲ, ಅಲ್ಲಿ ಪೇಪರ್ ಓದುತ್ತ ಕೂತ ಹಿರಿಯರನ್ನು ಮಾತಾಡಿಸಿ. ‘ಯಜಮಾನರೇ, ಅದಿರು ಹೇಗೆ ಬರ್ತಿತ್ತು?’ ಅಂತ ಕೇಳಿದರೆ ಸಾಕು, ಪಕ್ಕದ ಕುರ್ಚಿ ಎಳೆದು ಕೂರಿಸಿಕೊಳ್ಳುತ್ತಾರೆ.