ಮೀನಿನ ಗಾಡಿಗೆ ಎಫ್‌ಸಿ (ಗಾಡಿ ರಸ್ತೆಗೆ ಯೋಗ್ಯ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸುವ ಹೊತ್ತು ಬಂದಿದೆ. ಪೇಂಟ್ ಎಷ್ಟು ದಿನ ಮೊದಲು ಮಾಡಿಸಬೇಕು? ತಪಾಸಣೆಯ ದಿನ ಬೇರೆಯವರ ಟೈರ್ ಹಾಕಿಕೊಂಡು ಹೋಗಬಹುದಾ?

ಪೇಂಟ್ ಮಾತು ಬಿಡಿ. ಮೊದಲು ಗಾಡಿ ಅಡಿಗೆ ಮಲಗಿ ನೋಡಿ.

ನಾನೂ ಕಾರವಾರದ ಬೈತಖೋಲ ಬಂದರಿನಿಂದ ಹುಬ್ಬಳ್ಳಿಗೆ ಮೀನಿನ ಗಾಡಿ ಓಡಿಸುತ್ತಿದ್ದವನು. ಎಫ್‌ಸಿ ಹತ್ತಿರ ಬಂತು ಅಂತ ಗಾಡಿಯನ್ನು ಸೀದಾ ಪೇಂಟರ್ ಹತ್ತಿರ ಬಿಟ್ಟೆ. ಕ್ಯಾಬಿನ್ ಫಳಫಳ, ಚಾಸಿಗೆ ಹೊಸ ಕಪ್ಪು ಬಣ್ಣ. ಗಾಡಿ ತಪಾಸಣೆ ಮಾಡುವ ಆರ್‌ಟಿಒ ಬ್ರೇಕ್ ಇನ್‌ಸ್ಪೆಕ್ಟರು ಬಣ್ಣ ನೋಡಲೇ ಇಲ್ಲ. ಬಗ್ಗಿ ಟಾರ್ಚ್ ಬಿಟ್ಟರು, ಬ್ರೇಕ್ ಒತ್ತಿ ಹಿಡಿ ಅಂದರು. ಹಿಂದಿನ ಚಕ್ರದ ಹತ್ತಿರ ಪೈಪಿನಿಂದ ಎಣ್ಣೆ ಒಸರಿತು. ಅಲ್ಲಿಗೆ ಗಾಡಿ ಫೇಲ್.

ಇದನ್ನು ಬಿಡಿಸಿ ಹೇಳಲೇಬೇಕು, ಯಾಕಂದ್ರೆ ನಿಮ್ಮ ಗಾಡಿಯೂ ಅದೇ ಕೆಲಸದ್ದು. ಪೆಟ್ಟಿಗೆಯಿಂದ ಸೋರುವುದು ಬರೀ ಐಸ್ ನೀರಲ್ಲ, ಉಪ್ಪು ನೀರು. ಅದು ಬಾಡಿ ಸಂದಿಯಿಂದ ಇಳಿದು ಬ್ರೇಕ್ ಪೈಪ್ ಹಿಡಿದಿರುವ ಕ್ಲಿಪ್ ಒಳಗೆ ನಿಲ್ಲುತ್ತದೆ. ಪೈಪ್ ಕೊಳೆಯುವುದು ಆ ಕ್ಲಿಪ್ ಅಡಿಯಲ್ಲೇ, ಹೊರಗಿಂದ ಕಾಣುವುದಿಲ್ಲ. ಮೇಲೆ ಬಣ್ಣ ಹೊಡೆದರೆ ಇದ್ದ ಗುರುತೂ ಮುಚ್ಚಿಹೋಗುತ್ತದೆ, ತುಕ್ಕು ಒಳಗೊಳಗೇ ತಿನ್ನುತ್ತದೆ. ಮೊದಲು ತೊಳೆಸಿ, ಕ್ಲಿಪ್ ಬಿಚ್ಚಿ, ಕೆರೆಸಿ, ಪೈಪ್ ಬದಲಿಸಿ, ವೆಲ್ಡಿಂಗ್ ಇದ್ದರೆ ಮುಗಿಸಿ, ಕಟ್ಟಕಡೆಗೆ ಬಣ್ಣ. ನಾನು ಕಡೆಯದನ್ನು ಮೊದಲು ಮಾಡಿದ್ದೆ. ಹೊಸ ಬಣ್ಣ ಕೆರೆದು ಎಲ್ಲ ಕೆಲಸ ಎರಡೆರಡು ಸಲ ಆಯಿತು. ಅಷ್ಟರಲ್ಲಿ ಹಳೇ ಎಫ್‌ಸಿ ಮುಗಿಯಿತು. ಒಳ್ಳೇ ಸೀಸನ್‌ನಲ್ಲಿ ಗಾಡಿ ಮನೆ ಮುಂದೆ ನಿಂತಿತು, ಕಾಯಂ ಬಾಡಿಗೆ ಬೇರೆಯವರ ಪಾಲಾಯಿತು. ಆ ಪೈಪ್ ಹುಬ್ಬಳ್ಳಿ ದಾರಿಯ ಅರಬೈಲ್ ಘಟ್ಟ ಇಳಿಯುವಾಗ ಒಡೆದಿದ್ದರೆ ಏನು ಗತಿ ಅಂತ ಈಗಲೂ ಅನ್ನಿಸುತ್ತದೆ.

ಬೇರೆಯವರ ಟೈರ್ ಬೇಡವೇ ಬೇಡ ಮಾರಾಯ್ರೆ. ಎಷ್ಟೋ ಜನ ಹಾಗೇ ಮಾಡುತ್ತಾರೆ, ಗೊತ್ತು. ಆದರೆ ಮರುದಿನ ಸವೆದ ಟೈರ್ ಹಾಕಿಕೊಂಡು ಮಳೆಯಲ್ಲಿ ಘಟ್ಟ ಇಳಿಯುವವರು ನೀವೇ ಅಲ್ವಾ? ಟೈರಿಗೆ ದುಡ್ಡಿಲ್ಲದಿದ್ದರೆ ಕ್ಯಾಬಿನ್ ಬಣ್ಣದ ದುಡ್ಡನ್ನು ಅದಕ್ಕೆ ಹಾಕಿ.

ಮಿಕ್ಕಿದ್ದು ಸಣ್ಣ ಕೆಲಸ. ಲೈಟ್, ಹಾರ್ನ್, ವೈಪರ್, ವೇಗ ಮಿತಿ ಮೀರದಂತೆ ತಡೆಯುವ ಸ್ಪೀಡ್ ಗವರ್ನರ್ ನೋಡಿಕೊಳ್ಳಿ. ರಿಫ್ಲೆಕ್ಟರ್ ಟೇಪ್ ಮುಂದೆ ಬಿಳಿ, ಹಿಂದೆ ಕೆಂಪು, ಪಕ್ಕಕ್ಕೆ ಹಳದಿ. ವಿಮೆ, ತೆರಿಗೆ, ಹೊಗೆ ತಪಾಸಣೆ ಕಾಗದ ಜೊತೆಗಿರಲಿ.

ಗಾಡಿಗೆ 8 ವರ್ಷ ದಾಟಿದ್ದರೆ ಎಫ್‌ಸಿ ಪ್ರತಿ ವರ್ಷ. ಹಾಗಾಗಿ ಅಡಿಭಾಗದ ಕೆಲಸವನ್ನು ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ ಹೊತ್ತಲ್ಲೇ ಇಟ್ಟುಕೊಳ್ಳಿ. ಗಾಡಿ ಹೇಗೂ ಸುಮ್ನೆ ನಿಂತಿರುತ್ತದೆ. ಪೈಪ್, ವೆಲ್ಡಿಂಗ್ ಶೆಡ್ಡಿನೊಳಗೆ ಆಗುತ್ತದೆ. ಬಣ್ಣ ಮಾತ್ರ ಮಳೆ ಬಿಟ್ಟ ಮೇಲೆ ಹೊಡೆಸಿ.